ಹತ್ತೇ ನಿಮಿಷದಲ್ಲಿ ಸರಿಹೋದ ಲಕ್ವ: ಆಸ್ಪತ್ರೆಗೆ ಹೋಗಲೇಬೇಕೇ?

ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತವರ ಬಲಗೈಯಿಂದ ಲೋಟ ಜಾರಿ ಬೀಳುತ್ತದೆ. ಎತ್ತಿಕೊಳ್ಳಲು ಹೋದರೆ ಬೆರಳುಗಳು ಹೇಳಿದ ಮಾತು ಕೇಳುವುದಿಲ್ಲ. ಏನಾಯಿತು ಎಂದು ಮನೆಯವರು ಕೇಳಿದರೆ ಉತ್ತರ ತೊದಲುತ್ತದೆ. ಒಬ್ಬರು ಕೈಗೆ ಎಣ್ಣೆ ತಿಕ್ಕುತ್ತಾರೆ, ಇನ್ನೊಬ್ಬರು ಸಕ್ಕರೆ ನೀರು ತರುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೈ ಮೊದಲಿನಂತೆ ಆಡುತ್ತದೆ, ಮಾತೂ ಸರಿಯಾಗುತ್ತದೆ. "ರಾತ್ರಿ ನಿದ್ದೆ ಇರಲಿಲ್ಲ, ಅದಕ್ಕೇ ಹೀಗಾಯ್ತು" ಎಂದುಕೊಂಡು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ.

ನಮ್ಮ ತಂಡದ ಒಬ್ಬರ ದೊಡ್ಡಪ್ಪನಿಗೆ ಆದದ್ದು ಇದೇ. ಅಂದು ಭಾನುವಾರ. ಮಂಗಳವಾರ ಬೆಳಿಗ್ಗೆ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಈಗ ಅವರು ಕೋಲು ಹಿಡಿದು ನಡೆಯುತ್ತಾರೆ, ಎಲ್ಲರ ಗುರುತೂ ಇದೆ, ಆದರೆ ಮೊಮ್ಮಗಳ ಹೆಸರು ನಾಲಿಗೆಗೆ ಬರುವುದಿಲ್ಲ. ಭಾನುವಾರದ ಆ ಹತ್ತು ನಿಮಿಷ ಏನಾಗಿತ್ತು, ಅಂದೇ ಆಸ್ಪತ್ರೆಗೆ ಹೋಗಿದ್ದರೆ ವ್ಯತ್ಯಾಸವಾಗುತ್ತಿತ್ತೇ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತ ಉತ್ತರ: ಹೌದು, ಹೋಗಲೇಬೇಕು, ಅದೂ ಅದೇ ದಿನ. ತಾನಾಗಿ ಸರಿಹೋಯಿತು ಎಂದರೆ ಅಪಾಯ ಕಳೆಯಿತು ಎಂದಲ್ಲ. ಮುಂದೆ ಬರಬಹುದಾದ ದೊಡ್ಡ ಲಕ್ವವನ್ನು ತಡೆಯಲು ಸಿಗುವ ಅವಕಾಶ ಬಹುಪಾಲು ಮೊದಲ ಒಂದೆರಡು ದಿನಗಳಲ್ಲೇ ಇರುತ್ತದೆ.

ಆ ಹತ್ತು ನಿಮಿಷದಲ್ಲಿ ಮೆದುಳಿನೊಳಗೆ ಏನಾಗುತ್ತದೆ?

ಮೆದುಳಿನ ತೂಕ ದೇಹದ ತೂಕದ ಸುಮಾರು 2% ಮಾತ್ರ. ಆದರೆ ನಾವು ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದ ಸುಮಾರು 20% ಅದಕ್ಕೇ ಬೇಕು. ಅದರ ಬಳಿ ದಾಸ್ತಾನು ಅಂತ ಏನೂ ಇಲ್ಲ. ರಕ್ತ ನಿಂತರೆ ಕೆಲವೇ ಸೆಕೆಂಡುಗಳಲ್ಲಿ ಆ ಭಾಗ ಕೆಲಸ ನಿಲ್ಲಿಸುತ್ತದೆ. ಕೈ ಆಡಿಸುವ ಭಾಗವಾದರೆ ಕೈ ಸೋಲುತ್ತದೆ, ಮಾತಿನ ಭಾಗವಾದರೆ ಮಾತು ಹೋಗುತ್ತದೆ.

ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲುವುದು ಲಕ್ವದ ಹೆಚ್ಚು ಸಾಮಾನ್ಯ ಬಗೆ. ರಕ್ತನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು ಇನ್ನೊಂದು ಬಗೆ. ಮೊದಲ ಬಗೆಯಲ್ಲಿ ಕೆಲವೊಮ್ಮೆ ಸಿಕ್ಕಿಕೊಂಡ ಹೆಪ್ಪು ಚಿಕ್ಕದಾಗಿರುತ್ತದೆ. ಹೆಪ್ಪನ್ನು ಕರಗಿಸುವ ವ್ಯವಸ್ಥೆ ನಮ್ಮ ರಕ್ತದಲ್ಲೇ ಇದೆ. ಅದು ಕೆಲಸ ಮಾಡಿ ದಾರಿ ತೆರವಾದರೆ, ಕೆಲಸ ನಿಲ್ಲಿಸಿದ್ದ ಜೀವಕೋಶಗಳು ಸಾಯುವ ಮೊದಲೇ ಮತ್ತೆ ಎದ್ದು ಕೂರುತ್ತವೆ. ಕೈ ಮರಳಿ ಬರುತ್ತದೆ. ಇದನ್ನೇ ವೈದ್ಯರು ಟಿಐಎ ಎನ್ನುತ್ತಾರೆ. ಜನರ ಬಾಯಲ್ಲಿ ಇದು ಮಿನಿ ಸ್ಟ್ರೋಕ್.

ಹಿಂದೆ, 24 ಗಂಟೆಯೊಳಗೆ ಸರಿಹೋದದ್ದೆಲ್ಲ ಟಿಐಎ ಎಂಬ ಲೆಕ್ಕವಿತ್ತು. ವಾಸ್ತವದಲ್ಲಿ ಹೆಚ್ಚಿನವು ಒಂದು ಗಂಟೆಯೊಳಗೇ ಮುಗಿಯುತ್ತವೆ. ಎಂಆರ್‌ಐ ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಪೂರ್ತಿ ಗುಣವಾದಂತೆ ಕಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೆದುಳಿನಲ್ಲಿ ಸಣ್ಣ ಗಾಯ ಉಳಿದೇ ಇರುತ್ತದೆ. ಹಾಗಾಗಿ ಈಗ ವೈದ್ಯರು ಗಡಿಯಾರಕ್ಕಿಂತ ಸ್ಕ್ಯಾನ್‌ಗೆ ಹೆಚ್ಚು ಬೆಲೆ ಕೊಡುತ್ತಾರೆ.

ಹೆಪ್ಪು ಕರಗಿತು, ಸರಿ. ಆದರೆ ಅದು ಹುಟ್ಟಿದ ಜಾಗ ಎಲ್ಲಿಗೂ ಹೋಗಿರುವುದಿಲ್ಲ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಕೊಬ್ಬು ಕಟ್ಟಿ ಕಿರಿದಾಗಿರಬಹುದು. ಹೃದಯದ ಬಡಿತ ಲಯ ತಪ್ಪಿ ಅದರ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟುತ್ತಿರಬಹುದು. ವರ್ಷಗಟ್ಟಲೆ ಇದ್ದ ಬಿಪಿಯಿಂದ ಮೆದುಳಿನ ಸಣ್ಣ ನಾಳಗಳೇ ಕೆಟ್ಟಿರಬಹುದು. ಇವತ್ತು ಒಂದು ಚೂರು ಕಳಚಿ ಬಂದ ಜಾಗದಿಂದ ನಾಳೆ ಇನ್ನೂ ದೊಡ್ಡ ಚೂರು ಬರಬಹುದು.

ಅಪಾಯ ಎಷ್ಟು, ಯಾವಾಗ?

2000ನೇ ಇಸವಿಯಲ್ಲಿ ಪ್ರಕಟವಾದ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನಡೆದ ಒಂದು ಅಧ್ಯಯನ, ಟಿಐಎ ಆಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದವರನ್ನು ಮುಂದಿನ 90 ದಿನ ಗಮನಿಸಿತು. ಸುಮಾರು 10% ಜನರಿಗೆ ಆ ಅವಧಿಯಲ್ಲಿ ಪೂರ್ಣ ಪ್ರಮಾಣದ ಲಕ್ವ ಬಡಿಯಿತು. ಅವರಲ್ಲಿ ಅರ್ಧದಷ್ಟು ಮಂದಿಗೆ ಅದು ಬಂದದ್ದು ಮೊದಲ ಎರಡು ದಿನಗಳಲ್ಲೇ. ಭಾನುವಾರ ಲೋಟ ಬಿತ್ತು, ಮಂಗಳವಾರ ಮಲಗಿದವರು ಏಳಲಿಲ್ಲ ಎಂಬುದು ವಿಧಿಯಾಟವಲ್ಲ, ಹೆಚ್ಚು ಕಡಿಮೆ ಪಠ್ಯಪುಸ್ತಕದಲ್ಲಿರುವಂತೆಯೇ ನಡೆದದ್ದು.

ಇದರ ಇನ್ನೊಂದು ಮಗ್ಗುಲು ಬ್ರಿಟನ್ನಿನ ಆಕ್ಸ್‌ಫರ್ಡ್‌ನಿಂದ ಬಂತು. 2007ರಲ್ಲಿ ಪ್ರಕಟವಾದ ಎಕ್ಸ್‌ಪ್ರೆಸ್ ಎಂಬ ಅಧ್ಯಯನದಲ್ಲಿ ಸಂಶೋಧಕರು ಹೊಸ ಔಷಧಿ ಯಾವುದನ್ನೂ ಪರೀಕ್ಷಿಸಲಿಲ್ಲ. ಮೊದಲೇ ಇದ್ದ ಮಾತ್ರೆಗಳನ್ನೇ ಬೇಗ ಶುರು ಮಾಡಿದರು, ಅಷ್ಟೇ. ಮೊದಲಿನ ಪದ್ಧತಿಯಲ್ಲಿ ಅಪಾಯಿಂಟ್‌ಮೆಂಟ್, ವರದಿ, ಮತ್ತೆ ಕುಟುಂಬ ವೈದ್ಯರು ಎಂದು ಚಿಕಿತ್ಸೆ ಆರಂಭವಾಗುವಾಗ ವಾರಗಳೇ ಕಳೆಯುತ್ತಿದ್ದವು. ಹೊಸ ಪದ್ಧತಿಯಲ್ಲಿ ನೋಡಿದ ದಿನವೇ ಚಿಕಿತ್ಸೆ. 90 ದಿನಗಳಲ್ಲಿ ಮತ್ತೆ ಲಕ್ವ ಬಡಿಯುವ ಪ್ರಮಾಣ 10.3%ರಿಂದ 2.1%ಕ್ಕೆ ಇಳಿಯಿತು. ಅವೇ ಮಾತ್ರೆಗಳು, ಬದಲಾದದ್ದು ದಿನಾಂಕ ಮಾತ್ರ. ಈ ವಿಷಯದಲ್ಲಿ ನಾವು ಓದಿದ ಫಲಿತಾಂಶಗಳಲ್ಲಿ ಇಷ್ಟು ಸರಳವಾದದ್ದು ಇನ್ನೊಂದಿಲ್ಲ.

ಏನು ಚಿಕಿತ್ಸೆ ಎಂದು ಕೇಳಿದರೆ, ಅದು ಕಾರಣದ ಮೇಲೆ ಹೋಗುತ್ತದೆ. ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಇಲ್ಲ ಎಂದು ಖಚಿತವಾದ ಮೇಲೆ ಹಲವರಿಗೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಎಂಬ ಮಾತ್ರೆಯನ್ನು ಕೆಲವು ವಾರ ಕೊಡುತ್ತಾರೆ. 2013ರಲ್ಲಿ ಚೀನಾದ 5,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಮೊದಲ 24 ಗಂಟೆಯೊಳಗೆ ಈ ಜೋಡಿ ಮಾತ್ರೆ ಶುರು ಮಾಡಿದವರಲ್ಲಿ 90 ದಿನಗಳ ಲಕ್ವದ ಪ್ರಮಾಣ 8.2% ಇತ್ತು. ಆಸ್ಪಿರಿನ್ ಒಂದನ್ನೇ ಪಡೆದವರಲ್ಲಿ 11.7%. ಹೃದಯದ ಲಯ ತಪ್ಪಿದ್ದರೆ ಬೇರೆ ಬಗೆಯ ಔಷಧಿ ಬೇಕು. ಕುತ್ತಿಗೆಯ ನಾಳ ತುಂಬಾ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಅದನ್ನು ಎರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು.

ಹಾಗಾದರೆ ಜನ ಯಾಕೆ ಹೋಗುವುದಿಲ್ಲ?

ಸೋಮಾರಿತನ, ಅಜ್ಞಾನ ಎಂದು ಹೇಳಿ ಮುಗಿಸುವುದು ಸುಲಭ. ನಮಗೆ ಹಾಗನ್ನಿಸುವುದಿಲ್ಲ. ಹೆಪ್ಪಿನಿಂದಾಗುವ ಲಕ್ವದಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಕುಂಟುತ್ತಲಾದರೂ ಡಾಕ್ಟರ ಹತ್ತಿರ ಹೋಗುತ್ತೇವೆ, ಹಲ್ಲು ನೋವಿಗೆ ರಾತ್ರಿಯೆಲ್ಲ ಎದ್ದು ಕೂರುತ್ತೇವೆ. ಕೈ ಸುಮ್ಮನೆ ಸೋತು ಮತ್ತೆ ಸರಿಯಾದಾಗ ನಮ್ಮನ್ನು ಎಬ್ಬಿಸುವ ನೋವೇ ಇಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದರೆ ಕೆಲವರಿಗೆ ತಮ್ಮ ಎಡಗೈ ಆಡುತ್ತಿಲ್ಲ ಎಂಬುದೇ ತಿಳಿಯುವುದಿಲ್ಲ. "ನನಗೇನೂ ಆಗಿಲ್ಲ, ಸುಮ್ಮನಿರಿ" ಎಂದು ಅವರು ಗದರಿದರೆ ಅದು ಹಟವಲ್ಲ, ಕಾಯಿಲೆಯ ಭಾಗವೇ ಆಗಿರಬಹುದು. ಹೀಗಾಗಿ ತೀರ್ಮಾನ ತೆಗೆದುಕೊಳ್ಳಬೇಕಾದವರು ಪಕ್ಕದಲ್ಲಿರುವವರು.

ಜೊತೆಗೆ ಖರ್ಚಿನ ಲೆಕ್ಕವೂ ಇದೆ. ದಿನಗೂಲಿ ಬಿಟ್ಟು, ಬಸ್ಸು ಹತ್ತಿ, ಸ್ಕ್ಯಾನ್ ಮಾಡಿಸಿ, ಕೊನೆಗೆ "ಏನೂ ಇಲ್ಲ" ಎಂದರೆ ಏನು ಗತಿ ಎಂಬ ಯೋಚನೆ ಸುಳ್ಳಲ್ಲ. ಆದರೆ ಆ ಲೆಕ್ಕದ ಇನ್ನೊಂದು ಕಡೆ ಇರುವುದು ತಿಂಗಳುಗಟ್ಟಲೆ ಫಿಸಿಯೋಥೆರಪಿ, ದುಡಿಯುತ್ತಿದ್ದ ಕೈ ಒಂದು ಕಡಿಮೆಯಾಗುವುದು, ನೋಡಿಕೊಳ್ಳಲು ಇನ್ನೊಬ್ಬರು ಕೆಲಸ ಬಿಡುವುದು.

ನಾಟಿ ಔಷಧಿಯಿಂದ ಲಕ್ವ ವಾಸಿಯಾದದ್ದನ್ನು ಕಣ್ಣಾರೆ ಕಂಡಿದ್ದೇವಲ್ಲ?

ಈ ಪ್ರಶ್ನೆ ಬಂದೇ ಬರುತ್ತದೆ, ಕೇಳುವವರು ಸುಳ್ಳು ಹೇಳುತ್ತಿಲ್ಲ. ಎಣ್ಣೆ ತಿಕ್ಕಿದ ಹತ್ತು ನಿಮಿಷಕ್ಕೆ ಕೈ ಸರಿಯಾದದ್ದನ್ನು ಅವರು ನಿಜವಾಗಿ ನೋಡಿರುತ್ತಾರೆ. ಟಿಐಎ ಆಗಿದ್ದರೆ ಎಣ್ಣೆ ತಿಕ್ಕದಿದ್ದರೂ ಹತ್ತು ನಿಮಿಷಕ್ಕೆ ಸರಿಯಾಗುತ್ತಿತ್ತು. ಮಂತ್ರಿಸಿದ ನೀರು ಚಿಮುಕಿಸಿದ್ದರೂ ಸರಿ, ಏನೂ ಮಾಡದೆ ಗೋಡೆ ನೋಡುತ್ತಾ ಕೂತಿದ್ದರೂ ಸರಿ. ಆ ಹೊತ್ತಿನಲ್ಲಿ ಕೈಗೆ ಸಿಕ್ಕ ಪದಾರ್ಥಕ್ಕೆ ಹೆಸರು ಬರುತ್ತದೆ.

ಬಾಯಿ ಸೊಟ್ಟಗಾದದ್ದು ನಾಟಿ ಔಷಧಿಯಿಂದ ನೆಟ್ಟಗಾಯಿತು ಎನ್ನುವ ಕಥೆಗಳಲ್ಲಿ ಹಲವು ಬೆಲ್ಸ್ ಪಾಲ್ಸಿ ಇರಬಹುದು. ಇದು ಮೆದುಳಿನ ತೊಂದರೆಯಲ್ಲ, ಮುಖದ ನರವೊಂದು ಊದಿಕೊಂಡು ಆಗುವಂಥದ್ದು. ಚಿಕಿತ್ಸೆ ಇಲ್ಲದೆಯೂ ಸುಮಾರು 70% ಜನರಿಗೆ ಕೆಲವು ತಿಂಗಳಲ್ಲಿ ಪೂರ್ತಿ ವಾಸಿಯಾಗುತ್ತದೆ. ಬೇಗ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ವಾಸಿಯಾಗುವವರ ಸಂಖ್ಯೆ ಇನ್ನೂ ಹೆಚ್ಚು, ಹಾಗಾಗಿ ಇದಕ್ಕೂ ಡಾಕ್ಟರ್ ಬೇಕು. ಇನ್ನು ನಿಜವಾದ ಲಕ್ವದಲ್ಲೂ ಮೊದಲ ವಾರ ಮತ್ತು ತಿಂಗಳುಗಳಲ್ಲಿ ಮೆದುಳು ತಾನೇ ಒಂದಷ್ಟು ಚೇತರಿಸಿಕೊಳ್ಳುತ್ತದೆ. ಆ ಸಮಯದಲ್ಲಿ ಯಾವ ಊರಿಗೆ ಕರೆದುಕೊಂಡು ಹೋಗಿರುತ್ತೇವೋ ಆ ಊರಿನ ಔಷಧಿ ಪ್ರಸಿದ್ಧವಾಗುತ್ತದೆ. ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಬಿಡುತ್ತದೆ ಎಂಬ ನಂಬಿಕೆಯೂ ಕೆಲವೆಡೆ ಇದೆ. ಚರ್ಮದ ಮೇಲೆ ಹಚ್ಚಿದ ರಕ್ತ ಮೆದುಳಿನ ನಾಳದ ಹೆಪ್ಪಿಗೆ ತಲುಪುವ ದಾರಿಯೇ ಇಲ್ಲ.

ವಾಟ್ಸಾಪ್‌ನಲ್ಲಿ ಬಹಳ ವರ್ಷದಿಂದ ಸುತ್ತುತ್ತಿರುವ ಇನ್ನೊಂದು ಸಂದೇಶ ನೋಡಿರುತ್ತೀರಿ. ಲಕ್ವ ಬಡಿದವರ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬರಿಸಿ, ಬಾಯಿ ಸೊಟ್ಟಗಾಗಿದ್ದರೆ ಕಿವಿಗೂ ಚುಚ್ಚಿ, ಅಲ್ಲಿಯವರೆಗೆ ರೋಗಿಯನ್ನು ಕದಲಿಸಬೇಡಿ ಎಂದು ಅದು ಹೇಳುತ್ತದೆ. ಇದಕ್ಕೆ ಆಧಾರವಿಲ್ಲ. ಬೆರಳ ತುದಿಯ ನಾಲ್ಕು ಹನಿ ರಕ್ತಕ್ಕೂ ಮೆದುಳಿನ ಹೆಪ್ಪಿಗೂ ಸಂಬಂಧವಿಲ್ಲ. ಅದರಲ್ಲಿ ನಮಗೆ ಸೂಜಿಗಿಂತ ಹೆಚ್ಚು ಅಪಾಯಕಾರಿ ಎನಿಸುವುದು "ಕದಲಿಸಬೇಡಿ" ಎಂಬ ಮಾತು.

ದೊಡ್ಡ ಲಕ್ವದಲ್ಲಿ ಗಂಟೆಗಳ ಲೆಕ್ಕ

ಕೈ ಹತ್ತು ನಿಮಿಷಕ್ಕೆ ಸರಿಯಾಗುತ್ತದೋ ಇಲ್ಲವೋ ಎಂದು ಆ ಕ್ಷಣದಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ. ಮೊದಲ ನಿಮಿಷದಲ್ಲಿ ಟಿಐಎ ಮತ್ತು ಲಕ್ವ ಒಂದೇ ರೀತಿ ಕಾಣುತ್ತವೆ. "ಸ್ವಲ್ಪ ಹೊತ್ತು ನೋಡೋಣ" ಎಂದು ಕಾಯುವುದರ ಬೆಲೆ ಇಲ್ಲಿದೆ. ದೊಡ್ಡ ನಾಳ ಕಟ್ಟಿಕೊಂಡ ಲಕ್ವದಲ್ಲಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಒಂದು ಲೆಕ್ಕಾಚಾರ ಪ್ರಕಟವಾಗಿತ್ತು.

ಹೆಪ್ಪು ಕರಗಿಸುವ ಚುಚ್ಚುಮದ್ದಿನ ಲಾಭವನ್ನು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಮೂರು ಗಂಟೆಯೊಳಗೆ ಅದನ್ನು ಪಡೆದವರು ಮೂರು ತಿಂಗಳ ನಂತರ ಹೆಚ್ಚು ಕಡಿಮೆ ಊನವಿಲ್ಲದೆ ಇರುವ ಸಾಧ್ಯತೆ, ಪಡೆಯದವರಿಗಿಂತ ಕನಿಷ್ಠ 30% ಹೆಚ್ಚಿತ್ತು. 2008ರಲ್ಲಿ ಬಂದ ಯುರೋಪಿನ ಅಧ್ಯಯನದ ನಂತರ ಆ ಗಡುವು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಇದು ಅಪಾಯವಿಲ್ಲದ ಮದ್ದಲ್ಲ. 1995ರ ಅಧ್ಯಯನದಲ್ಲೇ ಸುಮಾರು 6% ಜನರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಆದ್ದರಿಂದಲೇ ಸಿಟಿ ಸ್ಕ್ಯಾನ್ ಇಲ್ಲದೆ ಇದನ್ನು ಕೊಡುವುದಿಲ್ಲ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ತೊಡೆಯ ಅಥವಾ ಕೈಯ ನಾಳದ ಮೂಲಕ ತೂರಿಸಿದ ಸಣ್ಣ ಕೊಳವೆಯಿಂದ ಹೆಪ್ಪನ್ನು ಎಳೆದು ತೆಗೆಯುವ ವಿಧಾನವೂ ಇದೆ. ಆಯ್ದ ರೋಗಿಗಳಲ್ಲಿ ಇದನ್ನು 24 ಗಂಟೆಯವರೆಗೂ ಮಾಡುತ್ತಾರೆ, ಆದರೆ ಈ ಸೌಲಭ್ಯ ಎಲ್ಲ ಊರಲ್ಲೂ ಇಲ್ಲ.

ಗಂಟೆ ಎಣಿಸುವುದು ಎಲ್ಲಿಂದ? ರೋಗಿ ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರಾದರೂ ನೋಡಿದ ಹೊತ್ತಿನಿಂದ. ದೊಡ್ಡಪ್ಪನ ವಿಷಯದಲ್ಲಿ ಆದದ್ದು ಇದೇ. ಬೆಳಿಗ್ಗೆ ಆರಕ್ಕೆ ಗೊತ್ತಾಯಿತು, ಎಂಟಕ್ಕೆ ಆಸ್ಪತ್ರೆ ಸೇರಿದರು. ಎರಡೇ ಗಂಟೆ ಎಂದು ಮನೆಯವರು ಅಂದುಕೊಂಡಿದ್ದರು. ಆದರೆ ಅವರು ಸರಿಯಾಗಿದ್ದದ್ದನ್ನು ಕೊನೆಯ ಬಾರಿ ಕಂಡದ್ದು ರಾತ್ರಿ ಹತ್ತಕ್ಕೆ, ಮಲಗಲು ಹೋಗುವಾಗ. ವೈದ್ಯರ ಲೆಕ್ಕದಲ್ಲಿ ಆಗಲೇ ಹತ್ತು ಗಂಟೆ ಕಳೆದಿತ್ತು. ನಿದ್ದೆಯಲ್ಲಿ ಬಡಿದ ಲಕ್ವಕ್ಕೆ ಎಂಆರ್‌ಐ ನೋಡಿ ಚುಚ್ಚುಮದ್ದು ಕೊಡುವ ದಾರಿ ಈಗ ಇದೆಯಾದರೂ ಅವರಿದ್ದಲ್ಲಿ ಆ ಅನುಕೂಲವಿರಲಿಲ್ಲ. ಮಂಗಳವಾರ ಆ ಮನೆಯವರು ತಡಮಾಡಲಿಲ್ಲ. ತಡವಾದದ್ದು ಭಾನುವಾರ.

ಯಾವುದನ್ನು ಲಕ್ವದ ಲಕ್ಷಣ ಎಂದು ತಿಳಿಯಬೇಕು?

ಮುಖ್ಯ ಸುಳಿವು, ಇದ್ದಕ್ಕಿದ್ದಂತೆ ಶುರುವಾಗುವುದು. ಇನ್ನೊಂದು, ದೇಹದ ಒಂದೇ ಪಕ್ಕದಲ್ಲಿ ಆಗುವುದು. ನಗಲು ಹೇಳಿ, ಬಾಯಿ ಒಂದು ಕಡೆ ಎಳೆಯುತ್ತದೆಯೇ ನೋಡಿ. ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಒಂದು ಕೈ ಕೆಳಗೆ ಜಾರುತ್ತದೆಯೇ ನೋಡಿ. "ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ" ಎಂದು ಮಾತಾಡಿಸಿ. ತೊದಲಿದರೆ, ಸಂಬಂಧವಿಲ್ಲದ ಪದ ಬಂದರೆ, ನೀವು ಕೇಳಿದ್ದು ಅವರಿಗೆ ಅರ್ಥವಾಗದಿದ್ದರೆ ಅದು ಲಕ್ಷಣವೇ. ಇದರಲ್ಲಿ ಒಂದಿದ್ದರೂ ಸಾಕು.

ಕಡಿಮೆ ಜನರಿಗೆ ಗೊತ್ತಿರುವುದು ಕಣ್ಣಿನ ಲಕ್ಷಣ. ಒಂದು ಕಣ್ಣಿನ ಮುಂದೆ ಪರದೆ ಇಳಿದಂತೆ ಕತ್ತಲಾಗಿ ಕೆಲವು ನಿಮಿಷಕ್ಕೆ ಮತ್ತೆ ಬೆಳಕಾಗುವುದು. ಜನ ಕನ್ನಡಕದ ನಂಬರ್ ಬದಲಾಗಿರಬೇಕು ಎಂದುಕೊಳ್ಳುತ್ತಾರೆ. ಇದು ಕುತ್ತಿಗೆಯ ನಾಳ ಕಿರಿದಾಗಿರುವುದರ ಸೂಚನೆಯಾಗಿರಬಹುದು. ಇದ್ದಕ್ಕಿದ್ದಂತೆ ನಡಿಗೆಯ ತೋಲ ತಪ್ಪುವುದು, ಒಂದು ವಸ್ತು ಎರಡಾಗಿ ಕಾಣುವುದು, ಹಿಂದೆಂದೂ ಬಾರದಷ್ಟು ಭಯಂಕರ ತಲೆನೋವು ಬರುವುದು ಕೂಡ ತುರ್ತು ಲಕ್ಷಣಗಳೇ.

ಹಾಗಂತ ಪ್ರತಿಯೊಂದು ಜೋಮಿಗೂ ಹೆದರಬೇಕಿಲ್ಲ. ಕೈ ತಲೆಯಡಿ ಇಟ್ಟು ಮಲಗಿ ಎದ್ದಾಗ ಆಗುವ ಜುಮ್ಮೆನ್ನುವಿಕೆ ನರ ಒತ್ತಿಕೊಂಡದ್ದರಿಂದ, ಕೈ ಒದರಿದರೆ ಹೋಗುತ್ತದೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಎರಡೂ ಪಾದದಲ್ಲಿ ತಿಂಗಳುಗಟ್ಟಲೆ ಇರುವ ಉರಿಯ ಕಥೆಯೇ ಬೇರೆ. ಮೈಗ್ರೇನ್ ಇರುವವರಿಗೆ ಕಣ್ಣ ಮುಂದೆ ಮಿಂಚಿನಂಥ ಗೆರೆಗಳು, ಬೆರಳಿಂದ ನಿಧಾನವಾಗಿ ಮೇಲೇರುವ ಜೋಮು ಬರುವುದುಂಟು. ಅದು ಹರಡಲು ಹಲವು ನಿಮಿಷ ಬೇಕು, ಲಕ್ವ ಹಾಗಲ್ಲ, ಒಮ್ಮೆಗೇ ಬಡಿಯುತ್ತದೆ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಂಶ ಕುಸಿದರೂ ಲಕ್ವದಂತೆಯೇ ಕಾಣಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆಂಬುಲೆನ್ಸ್ ಬರುವಷ್ಟರಲ್ಲಿ ಒಮ್ಮೆ ನೋಡಿ. ಇವುಗಳನ್ನು ಹೇಳಿದ್ದು ಮನೆಯಲ್ಲೇ ಕೂತು ರೋಗ ಪತ್ತೆ ಮಾಡಲಿ ಎಂದಲ್ಲ. ಮೊದಲ ಬಾರಿ ಹೀಗಾದರೆ, ಅದು ಮೈಗ್ರೇನ್ ಎಂದು ಹೇಳಬೇಕಾದವರು ವೈದ್ಯರೇ.

ಆ ಹೊತ್ತಿನಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಗಡಿಯಾರ ನೋಡಿ, ಸಮಯ ಬರೆದಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿ, "ಲಕ್ವದ ಲಕ್ಷಣ" ಎಂದೇ ಹೇಳಿ. ಆಂಬುಲೆನ್ಸ್ ತಡವಾಗುವುದಾದರೆ ಸಿಕ್ಕಿದ ವಾಹನ ಹಿಡಿಯಿರಿ, ಆದರೆ ಹೋಗಬೇಕಾದ್ದು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದರೆ ಗಂಟೆಗಳು ಅಲ್ಲೇ ಕರಗುತ್ತವೆ. ನಿಮ್ಮ ಊರಿಗೆ ಹತ್ತಿರದಲ್ಲಿ ರಾತ್ರಿಯೂ ಸ್ಕ್ಯಾನ್ ಸಿಗುವ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಬಹುದು.

ನೀರು, ಕಾಫಿ, ಸಕ್ಕರೆ ನೀರು ಕುಡಿಸಬೇಡಿ. ಲಕ್ವದಲ್ಲಿ ನುಂಗುವ ಶಕ್ತಿಯೂ ಹೋಗಿರಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಆಸ್ಪಿರಿನ್ ಕೊಡಬೇಡಿ. ಹೃದಯಾಘಾತಕ್ಕೆ ಕೊಡುತ್ತಾರೆ ಎಂದು ಕೇಳಿರುತ್ತೀರಿ, ಆದರೆ ಮೆದುಳಿನಲ್ಲಿ ನಾಳ ಒಡೆದಿದ್ದರೆ ಅದು ರಕ್ತಸ್ರಾವ ಹೆಚ್ಚಿಸಬಹುದು. ಯಾವ ಬಗೆಯ ಲಕ್ವ ಎಂದು ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ. ಬಿಪಿ ಜಾಸ್ತಿ ಇದೆ ಎಂದು ಮನೆಯಲ್ಲೇ ಹೆಚ್ಚುವರಿ ಮಾತ್ರೆ ಕೊಡುವುದೂ ಬೇಡ. ಆ ಹೊತ್ತಿನಲ್ಲಿ ಬಿಪಿ ಒಮ್ಮೆಲೇ ಕುಸಿದರೆ ಮೆದುಳಿಗೆ ಸಿಗುತ್ತಿರುವ ಅಷ್ಟಿಷ್ಟು ರಕ್ತವೂ ಕಡಿಮೆಯಾಗುತ್ತದೆ. ಅವರು ದಿನಾ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಮಾತ್ರ ಮರೆಯದೆ ಒಯ್ಯಿರಿ, ರಕ್ತ ತೆಳುಗೊಳಿಸುವ ಮಾತ್ರೆ ಇದ್ದರೆ ಅದನ್ನು ಮೊದಲೇ ಹೇಳಿ.

ದಾರಿಯಲ್ಲೇ ಎಲ್ಲ ಸರಿಹೋದರೆ? ಹಿಂದಿರುಗಬೇಡಿ. ತುರ್ತು ವಿಭಾಗದಲ್ಲಿ "ಕೈಯಲ್ಲಿ ಜೋಮು" ಎಂದಷ್ಟೇ ಹೇಳಿದರೆ ಗದ್ದಲದ ನಡುವೆ ಬೆಂಚಿನ ಮೇಲೆ ಕೂರಿಸಬಹುದು. "ಎಂಟು ಗಂಟೆಗೆ ಬಲಗೈ ಸೋತಿತ್ತು, ಮಾತು ತೊದಲಿತ್ತು, ಹತ್ತು ನಿಮಿಷಕ್ಕೆ ಸರಿಯಾಯಿತು" ಎಂದು ಹೇಳಿ.

ಹೋದ ವಾರ ಹೀಗಾಗಿತ್ತು, ಈಗ ಏನೂ ಇಲ್ಲ. ಈಗಲೂ ಹೋಗಬೇಕೇ?

ಹೋಗಬೇಕು. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಕಳೆದ ಒಂದು ವಾರದೊಳಗೆ ಟಿಐಎ ಆಗಿರುವ ಅನುಮಾನವಿದ್ದರೆ 24 ಗಂಟೆಯೊಳಗೆ ತಜ್ಞರು ನೋಡಬೇಕು. ಒಂದು ವಾರಕ್ಕಿಂತ ಹಳೆಯದಾದರೆ ಏಳು ದಿನದೊಳಗೆ. ಬಿಪಿ, ಶುಗರ್, ಕೊಲೆಸ್ಟರಾಲ್, ಇಸಿಜಿ, ಕುತ್ತಿಗೆಯ ನಾಳದ ಸ್ಕ್ಯಾನ್ ಮತ್ತು ಮೆದುಳಿನ ಸ್ಕ್ಯಾನ್ ಸಾಮಾನ್ಯವಾಗಿ ಮಾಡುವ ಪರೀಕ್ಷೆಗಳು. ಕರ್ನಾಟಕದಲ್ಲಿ ಆರೋಗ್ಯ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುತ್ತಿರುವ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ಶುರುವಾಗಿವೆ. ಹಳೆಯ ಲಕ್ಷಣಕ್ಕೆ, ಬಿಟ್ಟುಹೋದ ಬಿಪಿ ಮಾತ್ರೆಯನ್ನು ಮತ್ತೆ ಶುರು ಮಾಡುವುದಕ್ಕೆ ಅಲ್ಲಿಗೆ ಹೋಗಬಹುದು. ಇವತ್ತು ಬೆಳಿಗ್ಗೆ ಲೋಟ ಬಿದ್ದಿದ್ದರೆ ಮಾತ್ರ ಕ್ಲಿನಿಕ್ಕಿನ ದಿನಕ್ಕೆ ಕಾಯದೆ ನೇರ ತುರ್ತು ವಿಭಾಗಕ್ಕೆ ಹೋಗಿ.